ಪಾಯ ಕುಸಿದರೆ ಜಗಳಕ್ಕಿಂತ ಮೊದಲು ಅಳತೆ: ಕಂಟ್ರಾಕ್ಟರ್ ಜೊತೆಗಿನ ತಕರಾರು ಬಗೆಹರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಗೋಡೆಯಲ್ಲಿ ಬಿರುಕು ಕಂಡ ದಿನ ನಾನು ಮೊದಲು ಮಾಡಿದ ಕೆಲಸವೇ ತಪ್ಪು. ಕಂಟ್ರಾಕ್ಟರ್‌ಗೆ ಫೋನ್ ಮಾಡಿದೆ. ಅವರು ಬಂದರು, ಅಡುಗೆಮನೆ ಕಿಟಕಿಯ ಮೂಲೆಯಿಂದ ಓರೆಯಾಗಿ ಕೆಳಗಿಳಿದಿದ್ದ ಗೆರೆಯ ಮೇಲೆ ಬೆರಳಾಡಿಸಿದರು. "ಪ್ಲಾಸ್ಟರ್ ಬಿರುಕು ಸಾರ್, ಹೊಸ ಮನೆಯಲ್ಲಿ ಇದೆಲ್ಲ ಇದ್ದಿದ್ದೇ" ಅಂದರು. ಮಾರನೇ ದಿನ ಅವರ ಹುಡುಗ ಬಂದು ಪುಟ್ಟಿ ತುಂಬಿ, ಬಣ್ಣ ಬಳಿದು ಹೋದ. ಎರಡು ತಿಂಗಳಿಗೆ ಅದೇ ಜಾಗ ಮತ್ತೆ ಬಾಯಿ ಬಿಟ್ಟಿತು. ಮೊದಲ ಸಲ ಬಿರುಕು ಎಷ್ಟು ಅಗಲ ಇತ್ತು, ಎಲ್ಲಿಗೆ ಬಂದು ನಿಂತಿತ್ತು ಅಂತ ಎಂಜಿನಿಯರ್ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಒಂದು ಫೋಟೋ ಕೂಡ ಇರಲಿಲ್ಲ.

ಪಾಯದ ತಕರಾರಿನಲ್ಲಿ ಇರೋದು ಮೂರೇ ಪ್ರಶ್ನೆ. ಯಾಕೆ ಹೀಗಾಯಿತು? ಅದಕ್ಕೆ ಯಾರು ಹೊಣೆ? ಸರಿಮಾಡಲು ಯಾರು ಎಷ್ಟು ಕೊಡಬೇಕು? ಹೆಚ್ಚಿನವರು ಮೂರನೆಯದರಿಂದ ಶುರು ಮಾಡುತ್ತಾರೆ. ಮೊದಲನೆಯದಕ್ಕೆ ಉತ್ತರ ಸಿಗದೆ ಮೂರನೆಯದು ಬಗೆಹರಿಯೋದೇ ಇಲ್ಲ, ಜಗಳ ವರ್ಷಗಟ್ಟಲೆ ಎಳೆಯುತ್ತದೆ. ಹಾಗಾಗಿ ಇಲ್ಲಿ ಅದೇ ಕ್ರಮ ಹಿಡಿದಿದ್ದೇನೆ: ಕಾರಣ, ಹೊಣೆ, ಹಣ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಮಣ್ಣು ಮತ್ತು ಕಾಂಕ್ರೀಟ್ ಮಾತ್ರ ಎಲ್ಲ ಕಡೆ ಒಂದೇ ಥರ ನಡೆದುಕೊಳ್ಳುತ್ತವೆ.

ಹಂತ 1: ಮನೆಯೊಳಗೆ ಇರಬಹುದೇ ಅಂತ ಮೊದಲು ನೋಡಿ

ಬಿರುಕು ದಿನದಿಂದ ದಿನಕ್ಕೆ ಕಣ್ಣಿಗೆ ಕಾಣುವಷ್ಟು ಬೆಳೆಯುತ್ತಿದೆ, ಗೋಡೆ ಒಂದು ಕಡೆ ವಾಲಿದೆ, ಕಾಲಂ ಕಾಂಕ್ರೀಟ್ ಸಿಡಿದು ಕಂಬಿ ಕಾಣುತ್ತಿದೆ, ರಾತ್ರಿ ಚಟ್ ಚಟ್ ಅಂತ ಸದ್ದು ಬರುತ್ತಿದೆ. ಇವುಗಳಲ್ಲಿ ಒಂದಿದ್ದರೂ ಆ ಭಾಗ ಖಾಲಿ ಮಾಡಿ, ಅದೇ ದಿನ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಆಸರೆ ಕಂಬ ಕೊಡಬೇಕಾದರೆ ಕೊಡಿಸಿ. ಕೊಡುವ ಮೊದಲು ಫೋಟೋ ತೆಗೆಯಿರಿ, ಖರ್ಚಿನ ರಸೀದಿ ಇಟ್ಟುಕೊಳ್ಳಿ. ಹಾನಿ ಹೆಚ್ಚಾಗದಂತೆ ತಡೆಯುವುದು ಮಾಲೀಕರ ಕೆಲಸ ಅಂತಲೇ ಬಹಳಷ್ಟು ದೇಶಗಳ ಕಾನೂನು ಹೇಳುತ್ತದೆ. ಹಾಗೆ ತಡೆಯಲು ಆದ ನ್ಯಾಯವಾದ ಖರ್ಚನ್ನು ಆಮೇಲೆ ಕೇಳಲೂಬಹುದು.

ಹಂತ 2: ಪುಟ್ಟಿ ಬೇಡ, ಪೆನ್ಸಿಲ್ ಹಿಡಿಯಿರಿ

ಬಿರುಕಿನ ಎರಡೂ ತುದಿಯಲ್ಲಿ ಗೋಡೆಯ ಮೇಲೆ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆಯಿರಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಮುಂದಿನ ತಿಂಗಳು ಬಿರುಕು ಆ ಗೆರೆ ದಾಟಿದ್ದರೆ ಹೊಸ ತುದಿಯಲ್ಲಿ ಇನ್ನೊಂದು ಗೆರೆ, ಇನ್ನೊಂದು ದಿನಾಂಕ. ನೋಡಲು ಚೆನ್ನಾಗಿರುವುದಿಲ್ಲ, ಮನೆಗೆ ಬಂದವರು ಏನಿದು ಅಂತ ಕೇಳುತ್ತಾರೆ. ಕೇಳಲಿ ಬಿಡಿ.

ಅಗಲ ಅಳೆಯಲು ಹಲವರು ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸುತ್ತಾರೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ನಿಜ. ಆದರೆ ಎಷ್ಟು ಅಲುಗಿತು, ಯಾವ ಕಡೆಗೆ ಅಲುಗಿತು ಅನ್ನೋದನ್ನು ಒಡೆದ ಗಾಜು ಹೇಳುವುದಿಲ್ಲ. ನನ್ನ ಎಂಜಿನಿಯರ್ ಹೇಳಿಕೊಟ್ಟಿದ್ದು ಮೂರು ಸ್ಕ್ರೂ ಉಪಾಯ. ಬಿರುಕಿನ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು, ತ್ರಿಕೋನ ಆಗುವ ಹಾಗೆ ಗೋಡೆಗೆ ಗಟ್ಟಿಯಾಗಿ ಕೂರಿಸುವುದು. ಬಿರುಕು ದಾಟುವ ಎರಡು ದೂರಗಳನ್ನು ಎರಡು ವಾರಕ್ಕೊಮ್ಮೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಬರೆದಿಡುವುದು. ಬಿರುಕು ಅಗಲವಾಗುತ್ತಿದೆಯೋ, ಒಂದು ಬದಿ ಕೆಳಗಿಳಿಯುತ್ತಿದೆಯೋ ಅಂತ ಈ ಎರಡು ಅಂಕಿಯಿಂದಲೇ ಲೆಕ್ಕ ಹಾಕಬಹುದು. ಖರ್ಚು ಅಂತ ಹೇಳುವಂಥದ್ದೇನೂ ಇಲ್ಲ. ನನ್ನ ಇಡೀ ತಕರಾರಿನಲ್ಲಿ ಆ ನೋಟ್‌ಬುಕ್‌ಗೆ ಸಿಕ್ಕ ಮರ್ಯಾದೆ ಬೇರೆ ಯಾವ ಕಾಗದಕ್ಕೂ ಸಿಗಲಿಲ್ಲ.

ಮನೆಯ ಮಟ್ಟವನ್ನೂ ನೋಡಿ. ಪಾರದರ್ಶಕ ಪೈಪಿಗೆ ನೀರು ತುಂಬಿ ಮೇಸ್ತ್ರಿಗಳು ಮಟ್ಟ ನೋಡುತ್ತಾರಲ್ಲ, ಅದೇ ಸಾಕು. ಪ್ಲಿಂತ್‌ನ, ಅಂದರೆ ನೆಲಮಟ್ಟದಿಂದ ಮನೆಯೊಳಗಿನ ನೆಲದ ತನಕ ಎತ್ತರಿಸಿದ ಭಾಗದ, ನಾಲ್ಕು ಮೂಲೆ ಮತ್ತು ಮಧ್ಯದಲ್ಲಿ ಗುರುತು ಹಾಕಿ. ಇಲ್ಲೊಂದು ಎಚ್ಚರ: ಒಂದೇ ಸಲ ಅಳೆದು "ನೋಡಿ, ಈ ಮೂಲೆ 15 ಮಿಲಿಮೀಟರ್ ಕೆಳಗಿದೆ" ಅಂದರೆ, "ಕಟ್ಟುವಾಗಲೇ ಅಷ್ಟು ವ್ಯತ್ಯಾಸ ಇತ್ತು" ಅಂತ ಉತ್ತರ ಬರುತ್ತದೆ. ಅದು ನಿಜವೂ ಇರಬಹುದು. ಮೂರು ತಿಂಗಳ ಅಂತರದಲ್ಲಿ ಎರಡು ಸಲ ಅಳೆದು ವ್ಯತ್ಯಾಸ ಬಂದಿದ್ದರೆ ಆ ಉತ್ತರ ನಿಲ್ಲುವುದಿಲ್ಲ.

ಫೋಟೋದಲ್ಲಿ ಬಿರುಕಿನ ಪಕ್ಕ ಸ್ಕೇಲ್ ಇರಲಿ. ಒಂದು ಹತ್ತಿರದಿಂದ, ಒಂದು ಇಡೀ ಗೋಡೆ ಕಾಣುವಂತೆ ದೂರದಿಂದ. ಹತ್ತಿರದ ಫೋಟೋ ಮಾತ್ರ ಇದ್ದರೆ ಆರು ತಿಂಗಳ ಮೇಲೆ ಅದು ಯಾವ ಗೋಡೆ ಅಂತ ನಿಮಗೇ ಗೊತ್ತಾಗುವುದಿಲ್ಲ. ಮಳೆ ಬಂದ ದಿನ, ಬಾಗಿಲು ಸಿಕ್ಕಿಕೊಂಡ ದಿನ, ಪಕ್ಕದಲ್ಲಿ ಯಾರಾದರೂ ಅಗೆದ ದಿನ ಎಲ್ಲವನ್ನೂ ಅದೇ ನೋಟ್‌ಬುಕ್‌ನಲ್ಲಿ ಬರೆಯಿರಿ.

ಹಂತ 3: ಬಿರುಕನ್ನು ಓದಲು ಕಲಿಯಿರಿ

ಬಿರುಕೆಲ್ಲ ಪಾಯದ ತಪ್ಪಲ್ಲ. ಪ್ಲಾಸ್ಟರ್ ಮೇಲೆ ಜೇಡರ ಬಲೆಯಂತೆ ಹರಡಿದ ಸಣ್ಣ ಗೆರೆಗಳು ಸಾಮಾನ್ಯವಾಗಿ ಗಾರೆ ಒಣಗುವಾಗ ಕುಗ್ಗಿದ್ದರಿಂದ ಬರುತ್ತವೆ. ಕಾಲಂ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೇರ ಗೆರೆ ಬಂದರೆ ಎರಡು ಬೇರೆ ವಸ್ತುಗಳು ಬೇರೆ ಬೇರೆ ಹಿಗ್ಗಿ ಕುಗ್ಗುತ್ತಿವೆ ಅಂತ. ಬಿಸಿಲು ಬೀಳುವ ಛಾವಣಿಯ ಕೆಳಗೆ ಗೋಡೆಯುದ್ದಕ್ಕೂ ಅಡ್ಡ ಬಿರುಕು ಬಂದರೆ ಅದು ಹೆಚ್ಚಾಗಿ ಶಾಖದ್ದು.

ಪಾಯ ಇಳಿದಾಗ ಬರುವ ಬಿರುಕು ಓರೆಯಾಗಿರುತ್ತದೆ. ಕಿಟಕಿ, ಬಾಗಿಲಿನ ಮೂಲೆಯಿಂದ ಹೊರಟು, ಇಟ್ಟಿಗೆ ಸಂದಿಯಲ್ಲಿ ಮೆಟ್ಟಿಲಿನ ಹಾಗೆ ಇಳಿಯುತ್ತದೆ. ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಅದರ ಅಗಲ ಮೇಲೆ ಕೆಳಗೆ ಒಂದೇ ಸಮ ಇರುವುದಿಲ್ಲ. ಮೇಲೆ ಅಗಲ, ಕೆಳಗೆ ಸಣ್ಣ ಇದ್ದರೆ ಮನೆಯ ತುದಿ ಇಳಿಯುತ್ತಿರಬಹುದು. ಕೆಳಗೆ ಅಗಲ ಇದ್ದರೆ ಮಧ್ಯಭಾಗ ಇಳಿಯುತ್ತಿರಬಹುದು.

ಇನ್ನೊಂದು ಗೊಂದಲ ತುಂಬಾ ಸಾಮಾನ್ಯ. ನೆಲದ ಟೈಲ್ಸ್ ತಗ್ಗಿ, ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಯ ಕೆಳಗೆ ಸಂದಿ ಬಿಟ್ಟಿದ್ದರೆ ಜನ ಪಾಯ ಕುಸಿಯಿತು ಅಂದುಕೊಳ್ಳುತ್ತಾರೆ. ಗೋಡೆಯಲ್ಲಿ ಬಿರುಕಿಲ್ಲದೆ ನೆಲ ಮಾತ್ರ ಇಳಿದಿದ್ದರೆ ಪಾಯ ಹೆಚ್ಚಾಗಿ ಚೆನ್ನಾಗಿಯೇ ಇದೆ. ಪ್ಲಿಂತ್ ಒಳಗೆ ತುಂಬಿದ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡದೆ ಒಂದೇ ಸಲ ಸುರಿದಿದ್ದಾರೆ. ಅದೂ ಕಂಟ್ರಾಕ್ಟರ್ ತಪ್ಪೇ. ಆದರೆ ಅದರ ರಿಪೇರಿ ಬೇರೆ, ಖರ್ಚು ತುಂಬಾ ಕಡಿಮೆ. ಪಾಯ ಹೋಯಿತು ಅಂತ ಪತ್ರ ಬರೆದು ಆಮೇಲೆ ನೆಲ ಮಾತ್ರ ಅಂತ ಗೊತ್ತಾದರೆ ನಿಮ್ಮ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ಅಗಲದ ಅಂದಾಜಿಗೆ ಬ್ರಿಟನ್ನಿನ ಬಿಲ್ಡಿಂಗ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಅನ್ನುವ ಕಟ್ಟಡ ಸಂಶೋಧನಾ ಸಂಸ್ಥೆಯ ಡೈಜೆಸ್ಟ್ 251 ಅನ್ನುವ ಮಾರ್ಗದರ್ಶಿಯನ್ನು ಹಲವು ದೇಶಗಳ ಎಂಜಿನಿಯರ್‌ಗಳು ಬಳಸುತ್ತಾರೆ. ಅದರ ಪ್ರಕಾರ ಸುಮಾರು 5 ಮಿಲಿಮೀಟರ್ ತನಕದ ಬಿರುಕು ನೋಟದ ತೊಂದರೆ. 5ರಿಂದ 15 ಆದರೆ ಮಧ್ಯಮ, ಬಾಗಿಲು ಕಿಟಕಿ ಸಿಕ್ಕಿಕೊಳ್ಳಲು ಶುರುವಾಗುತ್ತದೆ. 15ರಿಂದ 25 ತೀವ್ರ. 25 ದಾಟಿದರೆ ಕಟ್ಟಡದ ಸ್ಥಿರತೆಗೇ ಅಪಾಯ. ಇದು ಗೋಡೆಗಳ ಅಂದಾಜು, ಕಾಲಂ ಬೀಮ್‌ಗಳಿಗೆ ಹಚ್ಚಬೇಡಿ. ಬೆಳೆಯುತ್ತಿರುವ 3 ಮಿಲಿಮೀಟರ್ ಬಿರುಕಿಗೆ ನಿಂತುಹೋದ 6 ಮಿಲಿಮೀಟರ್ ಬಿರುಕಿಗಿಂತ ಜಾಸ್ತಿ ಹೆದರಬೇಕು.

ಹಂತ 4: ಕಾಗದ ಹುಡುಕಿ

ಒಪ್ಪಂದ, ಪಾಯದ ಡ್ರಾಯಿಂಗ್, ಮಣ್ಣು ಪರೀಕ್ಷೆಯ ವರದಿ, ಕಾಂಕ್ರೀಟ್ ಕ್ಯೂಬ್ ಪರೀಕ್ಷೆಯ ಫಲಿತಾಂಶ, ಸಿಮೆಂಟ್ ಕಂಬಿ ಬಿಲ್ಲು, ಹಣ ಕೊಟ್ಟ ದಾಖಲೆ ಎಲ್ಲವನ್ನೂ ಒಂದು ಫೈಲಿಗೆ ಹಾಕಿ. ಲಿಖಿತ ಒಪ್ಪಂದ ಇಲ್ಲ ಅಂತ ಎದೆಗುಂದಬೇಡಿ. ಬಹಳಷ್ಟು ದೇಶಗಳಲ್ಲಿ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಸಾಬೀತು ಮಾಡುವುದು ಕಷ್ಟ, ಅಷ್ಟೇ. ವಾಟ್ಸಾಪ್ ಸಂದೇಶ, ಕೊಟೇಶನ್, ಬ್ಯಾಂಕ್ ವರ್ಗಾವಣೆ ಆಗ ಕೈಹಿಡಿಯುತ್ತವೆ.

ಫೋನಿನ ಹಳೇ ಫೋಟೋಗಳನ್ನು ಒಮ್ಮೆ ಜಾಲಾಡಿ. ಪಾಯ ತೆಗೆಯುವಾಗ ಖುಷಿಗೆ ತೆಗೆದ ಒಂದು ಫೋಟೋದಲ್ಲಿ ಗುಂಡಿಯೊಳಗೆ ನಿಂತ ಕೆಲಸಗಾರನ ಎದೆಮಟ್ಟ ಎಲ್ಲಿಗಿದೆ, ಕಂಬಿ ಮಣ್ಣಿಗೆ ತಾಗದಂತೆ ಅದರ ಕೆಳಗೆ ಇಡುವ ಕವರ್ ಬ್ಲಾಕ್ ಇದೆಯಾ, ಗುಂಡಿಯಲ್ಲಿ ನೀರು ನಿಂತಿದೆಯಾ ಅಂತೆಲ್ಲ ಕಾಣಬಹುದು. ಮೂಲ ಫೈಲನ್ನೇ ಉಳಿಸಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ತೆಗೆದ ದಿನಾಂಕದ ವಿವರ ಅಳಿಸಿಹೋಗುತ್ತದೆ.

ಹಂತ 5: ಕಂಟ್ರಾಕ್ಟರ್‌ಗೆ ಬರೆಯಿರಿ, ಬೈಯಬೇಡಿ

ಮಾತಾಡಿದ್ದು ಗಾಳಿಗೆ ಹೋಗುತ್ತದೆ. ಚಿಕ್ಕ ಪತ್ರ ಬರೆದು, ತಲುಪಿದ್ದಕ್ಕೆ ದಾಖಲೆ ಸಿಗುವ ಅಂಚೆ ಮತ್ತು ಇಮೇಲ್ ಎರಡರಲ್ಲೂ ಕಳಿಸಿ. ಕಾರಣ ಇನ್ನೂ ಗೊತ್ತಿಲ್ಲ, ಹಾಗಾಗಿ ಕಾರಣ ಬರೆಯಬೇಡಿ. "ನೀವು ಮೋಸ ಮಾಡಿದ್ದೀರಿ" ಅಂತ ಬರೆದರೆ ಆ ಪತ್ರ ನೇರ ವಕೀಲರ ಮೇಜಿಗೆ ಹೋಗುತ್ತದೆ. ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ನೀವು ಕಟ್ಟಿಕೊಟ್ಟ ಮನೆಯ ಅಡುಗೆಮನೆ ಮೂಲೆಯಲ್ಲಿ ಓರೆ ಬಿರುಕು ಬಂದಿದೆ. ಫೋಟೋ ಮತ್ತು ಅಳತೆ ಜೊತೆಗಿದೆ. ಮೊದಲೊಮ್ಮೆ ಪುಟ್ಟಿ ತುಂಬಿದ ಜಾಗದಲ್ಲೇ ಮತ್ತೆ ತೆರೆದುಕೊಂಡಿದೆ. ದಯವಿಟ್ಟು 14 ದಿನದೊಳಗೆ ಬಂದು ನೋಡಿ, ನಿಮ್ಮ ಅಭಿಪ್ರಾಯ ಬರಹದಲ್ಲಿ ತಿಳಿಸಿ. ಕಾರಣ ತಿಳಿಯುವವರೆಗೆ ಮೇಲಿನ ಬಿರುಕನ್ನು ಮಾತ್ರ ಮುಚ್ಚುವ ಕೆಲಸ ಬೇಡ. ನಾನು ಸ್ವತಂತ್ರ ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸುತ್ತೇನೆ. ಆ ದಿನ ನೀವೂ ಬರಬಹುದು, ದಿನಾಂಕ ಮೊದಲೇ ತಿಳಿಸುತ್ತೇನೆ."

ನೋಡಿ ಸರಿಮಾಡುವ ಅವಕಾಶ ಕೊಡದೆ ಬೇರೆಯವರಿಂದ ಕೆಲಸ ಮಾಡಿಸಿ ಬಿಲ್ಲು ಕಳಿಸಿದರೆ, ನಿಮ್ಮ ಬೇಡಿಕೆಯೇ ಸೊರಗುತ್ತದೆ. ಒಪ್ಪಂದದಲ್ಲಿ ದೋಷ ಸರಿಪಡಿಸುವ ಅವಧಿ ಅಂತ ಇದ್ದರಂತೂ ಈ ಹಂತ ತಪ್ಪಿಸಲೇಬಾರದು. ಆ ಅವಧಿ ಮುಗಿದಿದೆ ಅಂತ ಅವರು ಹೇಳಿದರೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಆ ಅವಧಿ ಅಂದರೆ ಅವರೇ ಬಂದು ಸರಿಮಾಡಬೇಕಾದ ಕಾಲ. ಕೆಟ್ಟ ಕೆಲಸಕ್ಕೆ ಪರಿಹಾರ ಕೇಳುವ ಹಕ್ಕಿನ ಕಾಲಮಿತಿ ಸಾಮಾನ್ಯವಾಗಿ ಬೇರೆ ಇರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಬಾಕಿ ಹಣ ಕೊಡಬೇಕಿದ್ದರೆ? ಪೂರ್ತಿ ತಡೆಹಿಡಿಯಬೇಡಿ. ತಕರಾರಿನ ಭಾಗಕ್ಕೆ ಸರಿಹೊಂದುವಷ್ಟನ್ನು ಮಾತ್ರ, ಕಾರಣ ಬರೆದು ತಡೆಹಿಡಿಯಿರಿ. ಬಣ್ಣದ ಕೆಲಸದ ಹಣವನ್ನೂ ಪಾಯದ ಸಿಟ್ಟಿಗೆ ನಿಲ್ಲಿಸಿದರೆ ಒಪ್ಪಂದ ಮುರಿದವರು ನೀವೇ ಆಗಿಬಿಡಬಹುದು. ಮತ್ತೆ, "ಲೆಕ್ಕ ಪೂರ್ತಿ ಚುಕ್ತಾ, ಇನ್ನಾವ ತಕರಾರೂ ಇಲ್ಲ" ಅನ್ನುವ ಕಾಗದಕ್ಕೆ ಈ ಸಮಯದಲ್ಲಿ ಸಹಿ ಹಾಕಬೇಡಿ, ಎಷ್ಟೇ ಪರಿಚಯದವರಾದರೂ.

ಹಂತ 6: ಸ್ವತಂತ್ರ ಎಂಜಿನಿಯರ್ ಮತ್ತು ಒಂದು ಗುಂಡಿ

ಇಡೀ ತಕರಾರು ತಿರುಗುವುದು ಇಲ್ಲೇ. ಹಣ ಉಳಿಸಬೇಕೆಂದರೆ ಬೇರೆಲ್ಲಾದರೂ ಉಳಿಸಿ.

ಎಂಜಿನಿಯರ್ ಮಣ್ಣು ಮತ್ತು ಪಾಯದ ಕೆಲಸ ಬಲ್ಲವರಾಗಿರಬೇಕು, ಕಂಟ್ರಾಕ್ಟರ್‌ಗೂ ನಿಮಗೂ ನೆಂಟರಾಗಿರಬಾರದು, ರಿಪೇರಿ ಮಾರುವವರಾಗಿರಬಾರದು. ಉಚಿತವಾಗಿ ನೋಡಿಕೊಡುತ್ತೇವೆ ಅಂತ ಬರುವ ರಿಪೇರಿ ಕಂಪನಿಗಳ ವರದಿಯಲ್ಲಿ ಕೊನೆಗೆ ಅವರ ಬಳಿ ಇರುವ ಮದ್ದಿಗೆ ತಕ್ಕ ರೋಗವೇ ಸಿಗುತ್ತದೆ. ಮುಂದೆ ಕೇಸು ನಡೆದರೆ ಸಾಕ್ಷಿ ಹೇಳಲು ಬರುತ್ತೀರಾ ಅಂತ ಮೊದಲೇ ಕೇಳಿಬಿಡಿ.

ಅವರು ಮಾಡಿಸಬೇಕಾದ ಮುಖ್ಯ ಕೆಲಸ ಪಾಯದ ಪಕ್ಕ ಗುಂಡಿ ತೆಗೆಸಿ ನೋಡುವುದು. ಬಿರುಕಿನ ಹತ್ತಿರ ಒಂದು, ಚೆನ್ನಾಗಿರುವ ಮೂಲೆಯಲ್ಲಿ ಒಂದು. ಎರಡನ್ನೂ ಹೋಲಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗುಂಡಿಯಲ್ಲಿ ನೋಡಬೇಕಾದ್ದು: ಫುಟಿಂಗ್, ಅಂದರೆ ಪಾಯದ ಅಗಲವಾದ ಬುಡ, ಎಷ್ಟು ಆಳದಲ್ಲಿದೆ, ಎಷ್ಟು ಅಗಲ, ಎಷ್ಟು ದಪ್ಪ, ಅದರ ಕೆಳಗೆ ಮಣ್ಣಿನ ಮೇಲೆ ಮೊದಲು ಹಾಸುವ ಬೆಡ್ ಕಾಂಕ್ರೀಟ್ ಇದೆಯೇ, ಕಾಂಕ್ರೀಟಿನಲ್ಲಿ ಜಲ್ಲಿ ಬಿಡಿಬಿಡಿಯಾಗಿ ಜೇನುಗೂಡಿನಂತೆ ಆಗಿದೆಯೇ, ಮಣ್ಣು ಯಾವುದು, ನೀರು ಎಲ್ಲಿಂದ ಬರುತ್ತಿದೆ. ಪಾಯದ ಬುಡಕ್ಕಿಂತ ಕೆಳಗೆ ಉದ್ದಕ್ಕೆ ಅಗೆಯಲು ಬಿಡಬೇಡಿ, ಇರುವ ಆಸರೆಯೂ ಹೋಗುತ್ತದೆ.

ನಮ್ಮ ಮನೆಯಲ್ಲಿ ಗುಂಡಿ ತೆಗೆದ ದಿನ ಕಂಟ್ರಾಕ್ಟರನ್ನೂ ಕರೆದಿದ್ದೆ. ಡ್ರಾಯಿಂಗ್‌ನಲ್ಲಿ ಆಳ 1.5 ಮೀಟರ್ ಇತ್ತು. ಟೇಪ್ ಇಳಿಬಿಟ್ಟರೆ 1.1 ಮೀಟರ್‌ಗೇ ಬೆಡ್ ಕಾಂಕ್ರೀಟಿನ ತಳ ಸಿಕ್ಕಿತು. "ಅಲ್ಲಿ ಗಟ್ಟಿ ನೆಲ ಸಿಕ್ಕಿತ್ತು ಸಾರ್, ಅದಕ್ಕೇ ನಿಲ್ಲಿಸಿದ್ವಿ" ಅಂದರು. ಎಂಜಿನಿಯರ್ ಏನೂ ಮಾತಾಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಬೆಡ್ ಕಾಂಕ್ರೀಟಿನ ಕೆಳಗಿನ ಮಣ್ಣನ್ನು ಚಾಕುವಿನಿಂದ ಕೆದಕಿದರು. ಇಟ್ಟಿಗೆ ಚೂರು ಬಂತು. ಇನ್ನಷ್ಟು ಕೆದಕಿದರು. ನೀಲಿ ಪ್ಲಾಸ್ಟಿಕ್ ಚೀಲದ ಒಂದು ತುದಿ ಹೊರಬಂತು. ಗಟ್ಟಿ ನೆಲದಲ್ಲಿ ಪ್ಲಾಸ್ಟಿಕ್ ಹುಟ್ಟುವುದಿಲ್ಲ ಅಲ್ವಾ? ಅದು ಯಾರೋ ಯಾವತ್ತೋ ಹಳ್ಳ ಮುಚ್ಚಲು ತಂದು ಸುರಿದ ಮಣ್ಣು. ಗುಂಡಿಯ ಅಂಚಿನಲ್ಲಿ ನಿಂತಿದ್ದ ಕಂಟ್ರಾಕ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಏನ್ ಮಾಡೋಣ ಹೇಳಿ" ಅಂದರು. ಅದುವರೆಗೆ ನಾಲ್ಕು ತಿಂಗಳು ನಡೆದ ವಾದ ಅಲ್ಲಿಗೆ ನಿಂತಿತು. ಅವರಿಲ್ಲದಾಗ ಅಗೆಸಿ ಫೋಟೋ ಕಳಿಸಿದ್ದರೆ ಆ ಚೀಲ ನಾನೇ ಇಟ್ಟದ್ದು ಅಂತಿದ್ದರೋ ಏನೋ.

ಕಾಂಕ್ರೀಟ್ ಬಗ್ಗೆ ಅನುಮಾನವಿದ್ದರೆ ಪರೀಕ್ಷೆಗಳಿವೆ. ಸುತ್ತಿಗೆಯಂತೆ ಒತ್ತಿ ನೋಡುವ ರಿಬೌಂಡ್ ಹ್ಯಾಮರ್ ಮೇಲ್ಮೈ ಎಷ್ಟು ಗಟ್ಟಿ ಅನ್ನೋದನ್ನಷ್ಟೇ ಹೇಳುತ್ತದೆ, ಅದೊಂದನ್ನೇ ನಂಬಿ ವಾದ ಕಟ್ಟಬೇಡಿ. ಗಟ್ಟಿ ಸಾಕ್ಷಿ ಅಂದರೆ ಕೋರ್ ಪರೀಕ್ಷೆ. ಕಾಂಕ್ರೀಟಿನಿಂದ ಸಿಲಿಂಡರ್ ಕೊರೆದು ತೆಗೆದು ಲ್ಯಾಬ್‌ನಲ್ಲಿ ಒಡೆದು ನೋಡುತ್ತಾರೆ. ಕಾಂಕ್ರೀಟ್ ಕೆಲಸದ ನಿಯಮಪುಸ್ತಕಗಳಾದ ಅಮೆರಿಕದ ಎಸಿಐ 318, ಭಾರತದ ಐಎಸ್ 456 ಎರಡೂ ಇಲ್ಲಿ ಒಂದೇ ಮಾತು ಹೇಳುತ್ತವೆ: ಮೂರು ಕೋರ್‌ಗಳ ಸರಾಸರಿ ಬೇಕಾದ ಬಲದ 85 ಶೇಕಡಾ ಮುಟ್ಟಬೇಕು, ಯಾವುದೊಂದೂ 75 ಶೇಕಡಾಕ್ಕಿಂತ ಕೆಳಗಿರಬಾರದು. ಕೊರೆಯುವ ಜಾಗವನ್ನು ಎಂಜಿನಿಯರೇ ಆರಿಸಲಿ, ಕಂಬಿ ಕತ್ತರಿಸಿ ಹೋಗಬಾರದು.

ವರದಿಯಲ್ಲಿ "ಪಾಯ ಸರಿಯಿಲ್ಲ" ಅಂತ ಒಂದು ಸಾಲು ಬಂದರೆ ಉಪಯೋಗವಿಲ್ಲ. ಏನು ಕಂಡಿತು, ಏನು ಅಳೆದರು, ಡ್ರಾಯಿಂಗ್‌ಗೂ ಕೆಲಸಕ್ಕೂ ಎಲ್ಲಿ ವ್ಯತ್ಯಾಸ ಇದೆ, ಆ ವ್ಯತ್ಯಾಸದಿಂದಲೇ ಈ ಬಿರುಕು ಬಂದಿದೆ ಅನ್ನಲು ಆಧಾರವೇನು, ಬೇರೆ ಕಾರಣಗಳನ್ನು ಯಾಕೆ ತಳ್ಳಿಹಾಕಿದರು ಅಂತ ಇರಬೇಕು. ಈ ಕೊನೆಯ ಎರಡನ್ನು ಬಹಳ ವರದಿಗಳು ಬಿಟ್ಟುಬಿಡುತ್ತವೆ. ಎದುರಿನ ವಕೀಲರು ಹಿಡಿಯುವುದೂ ಅವನ್ನೇ.

ಹಂತ 7: ಹೊಣೆ ಯಾರದು?

ಡ್ರಾಯಿಂಗ್‌ನಂತೆ ಕಟ್ಟಿಲ್ಲವಾದರೆ ಕಂಟ್ರಾಕ್ಟರ್. ಡ್ರಾಯಿಂಗ್‌ನಂತೆಯೇ ಕಟ್ಟಿದ್ದು ಡ್ರಾಯಿಂಗೇ ತಪ್ಪಾಗಿದ್ದರೆ ವಿನ್ಯಾಸ ಮಾಡಿದ ಎಂಜಿನಿಯರ್. ಮಣ್ಣು ಪರೀಕ್ಷೆ ಬೇಡ ಅಂತ ಮಾಲೀಕರೇ ಹಣ ಉಳಿಸಿದ್ದರೆ ಒಂದು ಪಾಲು ಮಾಲೀಕರದ್ದು. ಪಕ್ಕದ ಸೈಟಿನವರು ಆಳವಾಗಿ ಅಗೆದು ನಿಮ್ಮ ಮಣ್ಣು ಜಾರಿದ್ದರೆ ಅವರದ್ದು. ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಜನ ಸಿಗುತ್ತಾರೆ.

ನಮ್ಮ ಕಡೆಯದನ್ನೂ ಹೇಳಿಬಿಡುತ್ತೇನೆ. ಛಾವಣಿಯ ಮಳೆನೀರಿನ ಪೈಪನ್ನು ಅದೇ ಮೂಲೆಗೆ ಬಿಡಿಸಿದ್ದು ನಾನು. ಚರಂಡಿಗೆ ಸೇರಿಸೋಣ ಅಂತ ಕಂಟ್ರಾಕ್ಟರ್ ಹೇಳಿದ್ದರು, ಆಮೇಲೆ ನೋಡೋಣ ಅಂದಿದ್ದೆ. ತುಂಬಿದ ಮಣ್ಣಿಗೆ ಪ್ರತಿ ಮಳೆಯಲ್ಲೂ ಇಡೀ ಛಾವಣಿಯ ನೀರು ಕುಡಿಸಿದ ಹಾಗಾಯಿತು. ಎಂಜಿನಿಯರ್ ಅದನ್ನೂ ವರದಿಯಲ್ಲಿ ಬರೆದರು. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ನನ್ನ ತಪ್ಪನ್ನೂ ಬರೆದಿದ್ದಕ್ಕೇ ಕಂಟ್ರಾಕ್ಟರ್ ಆ ವರದಿಯನ್ನು ಒಪ್ಪಿದ್ದು. ಸೋರುವ ಚರಂಡಿ ಪೈಪ್, ಗೋಡೆಗೆ ತಾಗಿ ಬೆಳೆದ ದೊಡ್ಡ ಮರ, ವಿನ್ಯಾಸದ ಲೆಕ್ಕದಲ್ಲಿ ಸೇರದ ಇನ್ನೊಂದು ಮಹಡಿ ಇಂಥವು ನಿಮ್ಮಲ್ಲಿದ್ದರೆ ಅವರು ಎತ್ತುವ ಮೊದಲೇ ನಿಮ್ಮ ಎಂಜಿನಿಯರ್‌ಗೆ ಹೇಳಿ.

ಎರೆಮಣ್ಣಿನಂಥ ಹಿಗ್ಗಿ ಕುಗ್ಗುವ ಜೇಡಿಯಲ್ಲಿ ಬಿರುಕು ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳಬಹುದು. ಅಲ್ಲಿ ಒಂದು ವರ್ಷದ ಅಳತೆ ಇಲ್ಲದೆ ತೀರ್ಮಾನಕ್ಕೆ ಬರಬೇಡಿ.

ಸ್ಥಳೀಯ ಆಡಳಿತ ನಕ್ಷೆಗೆ ಒಪ್ಪಿಗೆ ಕೊಟ್ಟಿತ್ತು, ಅವರನ್ನೂ ಹಿಡಿಯೋಣ ಅಂತ ಕೆಲವರಿಗೆ ಅನ್ನಿಸುತ್ತದೆ. ಇಂಗ್ಲೆಂಡ್‌ನಲ್ಲಿ ಅಂಥ ಒಂದು ಕೇಸು ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿತ್ತು. ತುಂಬಿದ ನೆಲದ ಮೇಲೆ ಕಾಂಕ್ರೀಟ್ ರಾಫ್ಟ್, ಅಂದರೆ ಇಡೀ ಮನೆಯ ಕೆಳಗೆ ಹಾಸಿದ ಒಂದೇ ಚಪ್ಪಡಿಯಂಥ ಪಾಯ, ಹಾಕಿ ಕಟ್ಟಿದ ಮನೆ, ರಾಫ್ಟ್ ಬಿರಿಯಿತು, ಗೋಡೆಗಳು ಒಡೆದವು. ಮರ್ಫಿ ವಿರುದ್ಧ ಬ್ರೆಂಟ್‌ವುಡ್ ಡಿಸ್ಟ್ರಿಕ್ಟ್ ಕೌನ್ಸಿಲ್ ಅನ್ನುವ ಆ ಪ್ರಕರಣದಲ್ಲಿ 1990ರಲ್ಲಿ ತೀರ್ಪು ಬಂತು: ನಕ್ಷೆ ಒಪ್ಪಿದ ಕೌನ್ಸಿಲ್ ಮಾಲೀಕರ ಹಣದ ನಷ್ಟಕ್ಕೆ ಹೊಣೆಯಲ್ಲ. ಎಲ್ಲ ದೇಶಗಳೂ ಆ ದಾರಿ ಹಿಡಿದಿಲ್ಲ. ಆದರೂ ಒಪ್ಪಿಗೆಯ ಮುದ್ರೆಯನ್ನು ಗ್ಯಾರಂಟಿ ಕಾರ್ಡ್ ಅಂತ ತಿಳಿಯಬೇಡಿ.

ಹಂತ 8: ರಿಪೇರಿ ಏನು, ಖರ್ಚೆಷ್ಟು

ಕಾರಣಕ್ಕೆ ತಕ್ಕ ಮದ್ದು ಬೇಕು. ನೀರು ಕಾರಣವಾದರೆ ಮೊದಲು ನೀರಿನ ದಾರಿ ತಪ್ಪಿಸಿ, ಕೆಲವು ಮನೆಗಳಲ್ಲಿ ಅಷ್ಟಕ್ಕೇ ಬಿರುಕು ನಿಲ್ಲುತ್ತದೆ. ಪಾಯ ಗಟ್ಟಿ ನೆಲ ಮುಟ್ಟಿಲ್ಲವಾದರೆ ಅಂಡರ್‌ಪಿನ್ನಿಂಗ್, ಅಂದರೆ ಹಳೇ ಪಾಯದ ಕೆಳಗೆ ತುಂಡು ತುಂಡಾಗಿ ಅಗೆದು ಹೊಸ ಪಾಯ ಕೊಡುವುದು. ಗಟ್ಟಿ ನೆಲ ತುಂಬಾ ಆಳದಲ್ಲಿದ್ದರೆ ಸಣ್ಣ ಪೈಲ್‌ಗಳು, ಅಂದರೆ ನೆಲದೊಳಗೆ ಆಳಕ್ಕೆ ಇಳಿಸುವ ಕಂಬಗಳು. ಸಡಿಲ ಮಣ್ಣಿಗೆ ಗ್ರೌಟ್, ಅಂದರೆ ತೆಳು ಸಿಮೆಂಟ್ ಹಾಲಿನಂಥ ದ್ರವ, ತುಂಬುವುದೂ ಇದೆ, ಆದರೆ ಜೇಡಿಮಣ್ಣಿನೊಳಗೆ ಸಿಮೆಂಟ್ ಗ್ರೌಟ್ ನುಗ್ಗುವುದಿಲ್ಲ.

ಎಂಜಿನಿಯರ್ ಬರೆದ ಒಂದೇ ಕೆಲಸದ ಪಟ್ಟಿಯನ್ನು ಮೂವರಿಗೆ ಕೊಟ್ಟು ಕೊಟೇಶನ್ ತರಿಸಿ. ಬೇರೆ ಬೇರೆ ಪಟ್ಟಿ ಕೊಟ್ಟರೆ ಹೋಲಿಸಲು ಬರುವುದಿಲ್ಲ. ಇಡೀ ಮನೆ ಕೆಡವಿ ಹೊಸದು ಕಟ್ಟಿಕೊಡಿ ಅನ್ನುವ ಬೇಡಿಕೆ ವಿರಳವಾಗಿ ನಿಲ್ಲುತ್ತದೆ. 1995ರ ಇಂಗ್ಲೆಂಡಿನ ಒಂದು ಪ್ರಕರಣದಲ್ಲಿ ಈಜುಕೊಳ ಒಪ್ಪಿದ್ದಕ್ಕಿಂತ ಕಡಿಮೆ ಆಳವಾಗಿತ್ತು. ತಪ್ಪು ನಿಜ ಅಂತ ಒಪ್ಪಿದರೂ, ಒಡೆದು ಮತ್ತೆ ಕಟ್ಟುವ ಖರ್ಚನ್ನು ಕೋರ್ಟ್ ಕೊಡಿಸಲಿಲ್ಲ. ಆಗುವ ಲಾಭಕ್ಕೂ ಖರ್ಚಿಗೂ ಹೊಂದಾಣಿಕೆ ಇಲ್ಲ ಅಂತ ಕಾರಣ. ಹಾಗೆಯೇ, ಮೂಲ ಒಪ್ಪಂದದಲ್ಲಿ ಇಲ್ಲದ ಹೆಚ್ಚಿನ ಸೌಲಭ್ಯವನ್ನು ರಿಪೇರಿಯೊಳಗೆ ತುರುಕಬೇಡಿ. ಎಂಜಿನಿಯರ್ ಫೀ, ಪರೀಕ್ಷೆ, ರಿಪೇರಿ ನಡೆಯುವಾಗ ಬೇರೆಡೆ ಇರಬೇಕಾದರೆ ಬಾಡಿಗೆ ಇವನ್ನು ಮಾತ್ರ ಮರೆಯದೆ ಸೇರಿಸಿ.

ಹಂತ 9: ಕೂತು ಮಾತಾಡಿ

ಮಾತುಕತೆಗೆ ಎಂಜಿನಿಯರ್ ಇರಲಿ, ಸಿಟ್ಟಿನ ನೆಂಟರು ಬೇಡ. ಗುಂಡಿ ತೆಗೆದ ಜಾಗದಲ್ಲೇ ಕೂತರೆ ಇನ್ನೂ ಒಳ್ಳೆಯದು. ದಾರಿಗಳು ಮೂರು: ಎಂಜಿನಿಯರ್ ಉಸ್ತುವಾರಿಯಲ್ಲಿ ಅದೇ ಕಂಟ್ರಾಕ್ಟರ್ ಸರಿಮಾಡುವುದು, ಬೇರೆಯವರು ಮಾಡಿ ಅವರು ಹಣ ಕೊಡುವುದು, ಬಾಕಿ ಹಣದಲ್ಲಿ ಮುರಿದುಕೊಳ್ಳುವುದು. ನಾನು ಎರಡನೆಯದನ್ನು ಆರಿಸಿದೆ. ಒಮ್ಮೆ 40 ಸೆಂಟಿಮೀಟರ್ ಬಿಟ್ಟವರ ಕೈಗೆ ಮತ್ತೆ ಗುದ್ದಲಿ ಕೊಡಲು ಮನಸ್ಸಾಗಲಿಲ್ಲ. ಆದರೆ ಅವರ ಹತ್ತಿರ ನಗದಿಲ್ಲದೆ ಆಳು, ಸಾಮಾನು ಮಾತ್ರ ಇದ್ದರೆ ಮೊದಲನೆಯದೇ ಕೈಗೂಡುವ ದಾರಿ. ಮನೆ ಕೆಟ್ಟದಾಗಿ ಕಟ್ಟಿದವ ತನ್ನ ಖರ್ಚಿನಲ್ಲೇ ಗೋಡೆ ಗಟ್ಟಿ ಮಾಡಿಕೊಡಬೇಕು ಅಂತ ಸುಮಾರು 3,750 ವರ್ಷ ಹಿಂದಿನ ಬ್ಯಾಬಿಲೋನ್ ರಾಜ ಹಮ್ಮುರಾಬಿಯ ಶಾಸನದಲ್ಲೇ ಇದೆ. ಮನೆ ಬಿದ್ದು ಮಾಲೀಕ ಸತ್ತರೆ ಕಟ್ಟಿದವನಿಗೂ ಮರಣದಂಡನೆ ಅಂತ ಅದಕ್ಕೆ ಸ್ವಲ್ಪ ಮುಂಚೆಯೇ ಬರೆದಿದೆ, ಅದನ್ನು ಮಾತುಕತೆಯಲ್ಲಿ ಎತ್ತಬೇಡಿ!

ಒಪ್ಪಿದ್ದನ್ನು ಅದೇ ವಾರ ಬರಹಕ್ಕೆ ಇಳಿಸಿ. ಯಾವ ಕೆಲಸ, ಯಾವ ಡ್ರಾಯಿಂಗ್ ಪ್ರಕಾರ, ಯಾರ ಉಸ್ತುವಾರಿ, ಶುರು ಯಾವತ್ತು, ಮುಗಿಯುವುದು ಯಾವತ್ತು, ತಡವಾದರೆ ಏನು, ಹಣ ಯಾವ ಯಾವ ಹಂತದಲ್ಲಿ, ಹೊಸ ಕೆಲಸಕ್ಕೆ ಎಷ್ಟು ವರ್ಷದ ಹೊಣೆ. ಕಂತಿನಲ್ಲಿ ಹಣ ಬರುವುದಾದರೆ ಕೊನೇ ಕಂತು ಬರುವ ತನಕ ನಿಮ್ಮ ಹಕ್ಕು ಉಳಿಯುತ್ತದೆ ಅಂತ ಬರೆಸಿ. ಮಾತುಕತೆಯ ಪತ್ರಗಳ ಮೇಲೆ "ರಾಜಿಗಾಗಿ ಮಾತ್ರ, ಹಕ್ಕುಗಳಿಗೆ ಬಾಧಕವಿಲ್ಲದೆ" ಅಂತ ಬರೆಯುವುದು ಹಲವು ದೇಶಗಳ ರೂಢಿ. ರಾಜಿ ಮುರಿದರೂ ಅಲ್ಲಿ ಬಿಟ್ಟುಕೊಟ್ಟದ್ದು ನಿಮ್ಮ ವಿರುದ್ಧ ಬಳಕೆಯಾಗಬಾರದು ಅಂತ.

ಹಂತ 10: ಮಾತು ಮುರಿದರೆ

ಮೊದಲು ಒಪ್ಪಂದ ತೆಗೆದು ತಕರಾರಿನ ಷರತ್ತು ಓದಿ. ಮಧ್ಯಸ್ಥಿಕೆ ತೀರ್ಪು, ಅಂದರೆ ಆರ್ಬಿಟ್ರೇಷನ್, ಅಂತ ಇದ್ದರೆ ನೇರ ಕೋರ್ಟಿಗೆ ಹೋದಾಗ ನಿಮ್ಮನ್ನು ವಾಪಸ್ ಕಳಿಸಬಹುದು. ಸಂಧಾನ, ಅಂದರೆ ಮೀಡಿಯೇಷನ್, ಅದಕ್ಕಿಂತ ಅಗ್ಗ. ಅಲ್ಲಿ ಯಾರೂ ತೀರ್ಪು ಹೇರುವುದಿಲ್ಲ, ಇಬ್ಬರೂ ಒಪ್ಪಿದರೆ ಮಾತ್ರ ಮುಗಿಯುತ್ತದೆ. ಜಗಳ ಕಾಂಕ್ರೀಟಿನ ಬಲದಂಥ ಒಂದೇ ತಾಂತ್ರಿಕ ಪ್ರಶ್ನೆಯದ್ದಾದರೆ, ಇಬ್ಬರೂ ಒಪ್ಪಿದ ಒಬ್ಬ ತಜ್ಞರ ಮಾತಿಗೆ ಬದ್ಧರಾಗೋಣ ಅಂತ ಬರೆದುಕೊಳ್ಳುವುದು ಎಲ್ಲಕ್ಕಿಂತ ಬೇಗದ ದಾರಿ. ಇದ್ಯಾವುದೂ ಆಗದಿದ್ದರೆ ವಕೀಲರ ನೋಟಿಸ್, ಆಮೇಲೆ ಗ್ರಾಹಕ ನ್ಯಾಯಾಲಯ ಅಥವಾ ಸಿವಿಲ್ ಕೋರ್ಟ್.

ಕಾಲಮಿತಿ ಮರೆತರೆ ಎಲ್ಲವೂ ಹೋಗುತ್ತದೆ. ಫ್ರಾನ್ಸ್‌ನಲ್ಲಿ ಕಟ್ಟಡದ ಗಟ್ಟಿತನಕ್ಕೆ ಧಕ್ಕೆ ತರುವ ದೋಷಕ್ಕೆ ಕಟ್ಟಿದವರು 10 ವರ್ಷ ಹೊಣೆ. ಇಂಗ್ಲೆಂಡ್‌ನಲ್ಲಿ ಸಾಮಾನ್ಯ ಒಪ್ಪಂದ ಮುರಿದದ್ದಕ್ಕೆ 6 ವರ್ಷ. ಭಾರತದಲ್ಲಿ ರೇರಾ ಅನ್ನುವ ರಿಯಲ್ ಎಸ್ಟೇಟ್ ಕಾಯ್ದೆಯಡಿ ಬಿಲ್ಡರ್‌ನಿಂದ ಕೊಂಡ ಮನೆಗೆ ಸ್ವಾಧೀನದಿಂದ 5 ವರ್ಷ, ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾರಣ ಹುಟ್ಟಿದಾಗಿನಿಂದ 2 ವರ್ಷ. ಸ್ವಂತ ಸೈಟಿನಲ್ಲಿ ಕಂಟ್ರಾಕ್ಟರ್ ಇಟ್ಟು ಕಟ್ಟಿಸಿಕೊಂಡ ಮನೆಗೆ ರೇರಾ ಬರುವುದಿಲ್ಲ. ಸಂಧಾನ ನಡೀತಿದೆ ಅಂತ ಗಡಿಯಾರ ತಾನಾಗಿ ನಿಲ್ಲುವುದಿಲ್ಲ. ಪರಸ್ಪರ ಮಾತಾಡುತ್ತಲೇ ಅವಧಿ ಮೀರಿಸುವ ಕಂಟ್ರಾಕ್ಟರ್‌ಗಳೂ ಇದ್ದಾರೆ. ಬಿರುಕು ಕಂಡ ತಿಂಗಳೇ ವಕೀಲರ ಹತ್ತಿರ ಒಂದು ತಾಸು ಕೂತು ಕೊನೇ ದಿನಾಂಕ ತಿಳಿದುಕೊಳ್ಳಿ.

ವಕೀಲರಿಗೆ ಫೈಲ್ ಕೊಡುವಾಗ ಒಂದು ಕೋಷ್ಟಕ ಮಾಡಿ: ದೋಷ, ನಿಮ್ಮ ಮಾತು, ಅವರ ಉತ್ತರ, ಸರಿಮಾಡುವ ಖರ್ಚು, ಕೊನೆಗೆ ನ್ಯಾಯಾಧೀಶರಿಗೆ ಒಂದು ಖಾಲಿ ಅಂಕಣ. ಇಂಗ್ಲೆಂಡಿನ ಕೋರ್ಟುಗಳಲ್ಲಿ ಇದಕ್ಕೆ ಸ್ಕಾಟ್ ಶೆಡ್ಯೂಲ್ ಅನ್ನುತ್ತಾರೆ. ಇದನ್ನು ತುಂಬುವಾಗಲೇ ನಿಮ್ಮ ಯಾವ ದೂರು ಗಟ್ಟಿ, ಯಾವುದು ಬರೀ ಬೇಸರ ಅಂತ ನಿಮಗೇ ಗೊತ್ತಾಗಿಬಿಡುತ್ತದೆ. ಇನ್ನೊಂದು ಕಹಿ ಮಾತು: ಕಂಟ್ರಾಕ್ಟರ್ ದಿವಾಳಿಯಾಗಿದ್ದರೆ ಗೆದ್ದ ತೀರ್ಪಿನಿಂದ ಪಾಯ ಗಟ್ಟಿಯಾಗುವುದಿಲ್ಲ. ಕೇಸಿಗೆ ಮೊದಲು ಅವರ ಹತ್ತಿರ ಏನಿದೆ, ವಿಮೆ ಇದೆಯೇ, ಎಂಜಿನಿಯರ್‌ಗೆ ವೃತ್ತಿ ವಿಮೆ ಇದೆಯೇ, ನಿಮ್ಮ ಮನೆ ವಿಮೆಯಲ್ಲಿ ಏನು ಬರೆದಿದೆ ನೋಡಿ.

ಹಂತ 11: ರಿಪೇರಿ ನಡೆಯುವಾಗ

ಅಂಡರ್‌ಪಿನ್ನಿಂಗ್‌ನಲ್ಲಿ ಸುಮಾರು 1ರಿಂದ 1.5 ಮೀಟರ್ ಉದ್ದದ ತುಂಡುಗಳನ್ನು ಬಿಟ್ಟು ಬಿಟ್ಟು ಅಗೆಯಬೇಕು. ಅಕ್ಕಪಕ್ಕದ ತುಂಡು ಒಟ್ಟಿಗೆ ತೆರೆದರೆ ಇರುವ ಗೋಡೆಯೂ ಕೂರುತ್ತದೆ. ಬೇಗ ಮುಗಿಸೋಣ ಅಂತ ಯಾರಾದರೂ ಅಂದರೆ ಕೆಲಸ ನಿಲ್ಲಿಸಿ. ಎಂಜಿನಿಯರ್ ನೋಡದೆ ಮುಂದೆ ಹೋಗಬಾರದ ಮೂರು ಘಳಿಗೆಗಳಿವೆ: ಗುಂಡಿಯ ತಳ ಸಿಕ್ಕಾಗ, ಕಂಬಿ ಕಟ್ಟಿದಾಗ, ಮತ್ತೆ ಹೊಸ ಕಾಂಕ್ರೀಟ್ ಹಾಗೂ ಹಳೇ ಪಾಯದ ನಡುವೆ ಬಿಟ್ಟ ಸಣ್ಣ ಸಂದಿಗೆ ಒಣ ಗಾರೆ ಗಿಡಿದು ತುಂಬುವಾಗ. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಆ ಸಂದಿ ಸರಿಯಾಗಿ ತುಂಬದಿದ್ದರೆ ಹೊಸ ಪಾಯ ಹಳೆಯದನ್ನು ಹೊರುವುದೇ ಇಲ್ಲ, ಸುಮ್ನೆ ಅದರ ಕೆಳಗೆ ಇರುತ್ತದೆ. ಮೂರೂ ಸಲ ಟೇಪ್ ಇಟ್ಟು ಫೋಟೋ ತೆಗೆಯಿರಿ.

ಕೆಲಸ ಮುಗಿದ ಮೇಲೂ ಸ್ಕ್ರೂಗಳನ್ನು ಕೀಳಬೇಡಿ. ಹೊಸ ಪಾಯ ಭಾರ ಹೊರುವಾಗ ಒಂದಿಷ್ಟು ಕೂರುವುದು ಸಹಜ, ಹಾಗಾಗಿ ಒಂದು ಮಳೆಗಾಲ, ಒಂದು ಬೇಸಿಗೆ ಅಳತೆ ಮುಂದುವರಿಸಿ. ಅಂಕಿ ನಿಂತಿದೆ ಅಂತ ಎಂಜಿನಿಯರ್ ಬರೆದುಕೊಟ್ಟ ಮೇಲೆ ರಿಪೇರಿ ಮಾಡಿದವರಿಗೆ ಕೊನೇ ಕಂತು ಕೊಡಿ. ಪುಟ್ಟಿ, ಬಣ್ಣ ಅದಾದ ಮೇಲೆ.